ಎಂ, ಎಲ್, ಟಿ ಮತ್ತು ಒಂದು ಬಶಿ ಚಹಾ

ನಮ್ಮ ಕಾಕಾನ ಎದುರಿಗೆ ಯಾರಾದರೂ ಅಪ್ಪಿತಪ್ಪಿ "ನಿಮ್ಮ ಮೇಲೆ ನನಗೆ ಬೆಟ್ಟದಷ್ಟು ಅಭಿಮಾನ" ಎಂದರೆ ಅವರಿಗೆ ಸಂತೋಷವಾಗುವುದಿಲ್ಲ, ಸಿಟ್ಟು ಬರುತ್ತದೆ! "ಬೆಟ್ಟದ ಎತ್ತರ ಹೇಳಾಕತ್ತೀರೋ, ತೂಕಾ ಹೇಳಾಕತ್ತೀರೋ? ಎತ್ತರ ಆದ್ರ ಅಭಿಮಾನ ಮೀಟರಿನ್ಯಾಗ ಬರ್ತೈತಿ, ತೂಕಾ ಆದ್ರ ಟನ್ನಿನ್ಯಾಗ. ಯಾವುದು ಹಿಡೀಲಿ?" ಎಂದು ಕೇಳುತ್ತಾರೆ. ಅಭಿಮಾನ ತೋರಿಸಲು ಬಂದವರು ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಾರೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು, ಉಪಮೆ ರೂಪಕಗಳೇ ನನ್ನ ಅನ್ನ. ಅನಗೋಳದಲ್ಲಿರುವ ಅವರ ಮನೆಗೆ ಹೋಗುವಾಗ ಅವನ್ನೆಲ್ಲ ಹೊರಗೇ ಬಿಟ್ಟು ಒಳಗೆ ಹೋಗುತ್ತೇನೆ.

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಬೆಳಗಾವಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ದ್ರವಗಳು ಹೇಗೆ ಹರಿಯುತ್ತವೆ ಎಂಬ ವಿದ್ಯೆಯನ್ನು ಕಲಿಸಿ ನಿವೃತ್ತರಾದವರು. ಹರಿಯುವ ವಸ್ತು ಯಾವುದೇ ಇರಲಿ, ನೀರು, ಎಣ್ಣೆ, ಕರಗಿದ ಬೆಲ್ಲ, ಅವರು ಬಿಟ್ಟವರಲ್ಲ. ಇಂಥವರು ಕಳೆದ ಮಳೆಗಾಲದಲ್ಲಿ ಒಂದು ಲೆಕ್ಕದ ಮುಂದೆ ಸೋತು ಕುಳಿತರು. ನಮ್ಮ ಕಾಕುವಿಗೆ, ಅಂದರೆ ಅವರ ಹೆಂಡತಿಗೆ, ಒಂದು ಬಶಿ ಚಹಾ ಕುಡಿಸುವುದು ಹೇಗೆ? ಇದೇ ಲೆಕ್ಕ. ನಗಬೇಡಿ. ಕಾಕು ಆ ಚಹಾ ಕುಡಿಯದಿದ್ದರೆ ಡಾಕ್ಟರು ಅವಳ ಮೂಗಿನಲ್ಲಿ ನಳಿಕೆ ಇಳಿಸುವವರಿದ್ದರು. ಆದರೆ ಅದನ್ನು ಹೇಳುವ ಮುಂಚೆ ಕಾಕಾನ ರೋಗವೇನು ಎಂಬುದನ್ನು ಹೇಳಬೇಕು.

ಅವರ ನಂಬಿಕೆ ಇಷ್ಟು. ಜಗತ್ತಿನಲ್ಲಿ ಯಂತ್ರ ಇರಲಿ, ನದಿ ಇರಲಿ, ಬಿಚ್ಚಿ ನೋಡಿದರೆ ಒಳಗಿರುವುದು ಮೂರೇ ಅಳತೆ: ತೂಕ, ಉದ್ದ, ಕಾಲ. ಇಂಗ್ಲಿಷಿನ ಎಂ, ಎಲ್, ಟಿ. (ತೂಕ ಎಂದು ಬರೆದದ್ದಕ್ಕೆ ಕಾಕಾ ನನ್ನನ್ನು ಬೈಯುತ್ತಾರೆ, ದ್ರವ್ಯರಾಶಿ ಎನ್ನಬೇಕಂತೆ. ಬೈಯಲಿ!) ಸಮ ಚಿಹ್ನೆಯ ಎಡಕ್ಕೆ ಏನು ಇದೆಯೋ ಬಲಕ್ಕೂ ಅದೇ ಇರಬೇಕು. ಎಡಕ್ಕೆ ಗಜ, ಬಲಕ್ಕೆ ಸೇರು ಬಂದರೆ ಲೆಕ್ಕ ಸುಳ್ಳು. ಇದಕ್ಕೆ ಆಯಾಮ ವಿಶ್ಲೇಷಣೆ ಎಂದು ಹೆಸರು. ಪಾಠದ ಮಟ್ಟಿಗೆ ಇದು ಒಳ್ಳೆಯದೇ. ಕಷ್ಟವೆಂದರೆ ನಮ್ಮ ಕಾಕಾ ಇದನ್ನು ಪಾಠದಲ್ಲಿಯೇ ಬಿಟ್ಟು ಮನೆಗೆ ಬರುತ್ತಿರಲಿಲ್ಲ.

ಒಮ್ಮೆ ಅವರ ಜೊತೆ ಖಾನಾಪುರದ ಬಸ್ಸು ಹತ್ತಿದ್ದೆ. ಮುಂದಿನ ಸೀಟಿನ ಮುದುಕಪ್ಪ, "ಖಾನಾಪುರ ಎಷ್ಟು ದೂರ ಆಕ್ಕೈತ್ರಿ?" ಎಂದು ಕಂಡಕ್ಟರನನ್ನು ಕೇಳಿದ. "ಒಂದ್ ತಾಸ್ರೀ," ಎಂದ ಕಂಡಕ್ಟರ್. ನಾನು ಕಣ್ಣು ಮುಚ್ಚಿಕೊಂಡೆ. ಕಾಕಾ ಎದ್ದು ನಿಂತಾಗಿತ್ತು!

"ಅಲ್ಲಪಾ, ಅವರು ದೂರ ಕೇಳ್ಯಾರ, ನೀ ವ್ಯಾಳೇ ಹೇಳ್ತಿ. ಉದ್ದ ಕೇಳಿದವರಿಗೆ ಕಾಲ ಕೊಡ್ತಾರೇನು? ಅರಿವಿ ಅಂಗಡ್ಯಾಗ ಎರಡು ಮೀಟರ್ ಅರಿವಿ ಕೇಳಿದ್ರ ಅರ್ಧಾ ತಾಸು ಕೊಟ್ರ ತಗೋತಿಯೇನು ನೀನು?"

ಕಂಡಕ್ಟರ್ ಶಾಂತವಾಗಿ ಟಿಕೆಟ್ ಹರಿದುಕೊಟ್ಟು, "ಸರ, ಈ ರೋಡಿನ್ಯಾಗ ತಗ್ಗು ಇರೂತನಕ ದೂರಾನ ತಾಸಿನ್ಯಾಗ ಅಳೀಬೇಕ್ರಿ. ಕುಂದರ್ರಿ, ಮುಂದ ಒಂದ್ ದೊಡ್ಡದು ಐತಿ," ಎಂದ. ಆ ದೊಡ್ಡದು ಬಂದೇ ಬಂತು. ಕಾಕಾ ಕೂತರು, ಅಂದರೆ ಕೂರಿಸಲ್ಪಟ್ಟರು. 

ಖಾನಾಪುರ ಕಾಕುವಿನ ತವರು. ಪೇಟೆಯಲ್ಲಿ ಅವಳ ಅಪ್ಪನ ಕಿರಾಣಿ ಅಂಗಡಿ ಇತ್ತು. ಕನ್ನೆ ನೋಡಲು ಹೋದಾಗಿನ ಕತೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಹಿರಿಯರು, "ಹುಡುಗೀಗೆ ಏನರ ಕೇಳೂದಿದ್ರ ಕೇಳ್ರಿ," ಎಂದರಂತೆ. ಬೇರೆ ಗಂಡುಗಳು ಹಾಡು ಬರುತ್ತದೆಯೇ, ಅಡಿಗೆ ಬರುತ್ತದೆಯೇ ಎಂದು ಕೇಳುವ ಹೊತ್ತಿನಲ್ಲಿ ನಮ್ಮ ಕಾಕಾ, "ಮಸರು ಕಡಿಯೂ ಮುಂದ ಬೆಣ್ಣಿ ಮ್ಯಾಲ ಯಾಕ ಬರ್ತೈತಿ?" ಎಂದು ಕೇಳಿದರು. ಹುಡುಗಿ ತಲೆ ತಗ್ಗಿಸಿಕೊಂಡೇ, "ಬರದಿದ್ರ ಅವ್ವ ಬೈತಾಳ್ರಿ," ಎಂದಳು. ಇಡೀ ಪಡಸಾಲೆ ನಕ್ಕಿತು. ಕಾಕಾ ಮಾತ್ರ ನಗದೆ, ಹೊರಗೆ ಬಂದು ನಮ್ಮಪ್ಪನಿಗೆ, "ಕಾರಣಾ ತಪ್ಪು ಐತಿ. ಆದ್ರ ಹುಡುಗಿ ಅಂಜಲಿಲ್ಲ ನೋಡು," ಎಂದು ಹೇಳಿ ಮದುವೆಗೆ ಒಪ್ಪಿಕೊಂಡರು.

ಆಮೇಲೂ ಅವಳು ಅಂಜಲಿಲ್ಲ ಬಿಡಿ. ಒಂದು ದಿನ ಮಾಳಿಗೆಯ ಮೇಲಿನ ಸಿಂಟೆಕ್ಸ್ ಟಾಕಿಯ ತಳದಲ್ಲಿ ತೂತು ಬಿದ್ದು ನೀರು ಚಿಮ್ಮತೊಡಗಿತು. ಅನಗೋಳದಲ್ಲಿ ನಳದ ನೀರು ಬರುವುದೇ ಅಪರೂಪ, ಅಂಥದರಲ್ಲಿ ಟಾಕಿ ತುಂಬಿದ್ದ ದಿನವೇ ಹೀಗಾಗಬೇಕೇ! ಕಾಕು ಹರಕು ಸೀರೆ ಹಿಡಿದು ಓಡಿದಳು. ಕಾಕಾ ಅಡ್ಡ ನಿಂತರು. "ನಿಂದ್ರ, ನಿಂದ್ರ, ಮುಚ್ಚಬ್ಯಾಡ. ಈ ನೀರಿನ ವೇಗ ಯಾತರ ಮ್ಯಾಲ ನಿಂತೈತಿ? ಒಂದು, ಒಳಗ ನೀರು ಎಷ್ಟು ಎತ್ತರ ಐತಿ. ಇನ್ನೊಂದು, ಭೂಮಿ ಎಳಿಯೂ ಜೋರು. ಬ್ಯಾರೆ ಏನೂ ಬೇಕಾಗಿಲ್ಲ. ಎರಡೂ ಗುಣಿಸಿ ವರ್ಗಮೂಲ ತಗದ್ರ ಎಲ್ ಭಾಗಿಸು ಟಿ ಬರ್ತೈತಿ. ಅದ ವೇಗ! ಟಾಕಿ ಮುಟ್ಟದನ ಉತ್ತರಾ ಬಂತು ನೋಡು!"

ಸೀಮೆಸುಣ್ಣದಿಂದ ಮಾಳಿಗೆಯ ಗೋಡೆಯ ಮೇಲೆ ಬರೆದು ಮುಗಿಸಿ ತಿರುಗುವಷ್ಟರಲ್ಲಿ ಟಾಕಿ ಬರಿದಾಗಿತ್ತು. ಕಾಕು ಸೊಂಟದ ಮೇಲೆ ಕೈಯಿಟ್ಟುಕೊಂಡು, "ವೇಗ ಸಿಕ್ತಲ್ರಿ? ಇನ್ನ ನೀರು ಹುಡಕ್ರಿ," ಎಂದಳು. ಆ ಸಂಜೆ ಕಾಕಾ ಎರಡು ಕೊಡ ಹಿಡಿದುಕೊಂಡು ಪಕ್ಕದ ಗಲ್ಲಿಯ ಬಾವಿಗೆ ಹೋದದ್ದನ್ನು ನಾನೇ ನೋಡಿದ್ದೇನೆ.

ಮಲಪ್ರಭೆಯ ದಂಡೆಯ ಕತೆ ಇನ್ನೂ ಚೆಂದ. ಖಾನಾಪುರದ ಬೀಗರ ಮನೆಯಲ್ಲಿ ಊಟ ಮುಗಿಸಿ ಎಲ್ಲರೂ ಅಡ್ಡಾದರೆ ಇವರು ನದಿಗೆ ಹೋಗಿ ನೀರಿಗೆ ಎಲೆ ಬಿಟ್ಟು, ಕೈಗಡಿಯಾರ ನೋಡುತ್ತ ದಂಡೆಗುಂಟ ಓಡುವುದು. ಪ್ಯಾಂಟು ಮಡಚಿದ, ಕನ್ನಡಕ ಹಾಕಿದ ಮನುಷ್ಯ ನೀರು ಅಳೆಯುತ್ತಿದ್ದಾನೆಂದರೆ ಸರಕಾರದವನೇ ಇರಬೇಕಲ್ಲ? ಸ್ವಲ್ಪ ಹೊತ್ತಿನಲ್ಲಿ ಜನ ಕೂಡಿದರು. ಒಬ್ಬ ಹಿರಿಯರು ಕೈಮುಗಿದು ಮರಾಠಿಯಲ್ಲಿ, "ಸಾಹೇಬ, ಪಾಣಿ ಕಧೀ ಯೇಣಾರ?" ಎಂದರು. ನಮ್ಮ ಗಲ್ಲಿಗೆ ನಳದ ನೀರು ಯಾವಾಗ ಬರುತ್ತದೆ ಎಂದು ಪಾಪ ಅವರ ಪ್ರಶ್ನೆ. ಕಾಕಾ ನದಿಯ ಕಡೆ ಕೈ ಮಾಡಿ, "ಬರಾಕತ್ತೈತಲ್ರಿ, ಎದರಿಗೇನ!" ಎಂದರು. ಅವರನ್ನು ಆ ಗುಂಪಿನಿಂದ ಬಿಡಿಸಿಕೊಂಡು ಬರಲು ಕಾಕುವಿನ ಅಪ್ಪನೇ ಅಂಗಡಿ ಬಿಟ್ಟು ಹೋಗಬೇಕಾಯಿತು.

ಈ ವಿದ್ಯೆಯಲ್ಲಿ ಒಂದು ಅಪಾಯವಿದೆ, ಅದನ್ನು ಕಾಕಾನೇ ಹೇಳುತ್ತಾರೆ. ಉತ್ತರ ಯಾವ ಯಾವ ಸಂಗತಿಗಳ ಮೇಲೆ ನಿಂತಿದೆ ಎಂಬ ಪಟ್ಟಿಯನ್ನು ಮೊದಲು ನೀವೇ ಮಾಡಬೇಕು. ಅವಕ್ಕೆ ವೇರಿಯೇಬಲ್ ಎನ್ನುತ್ತಾರೆ. ಪಟ್ಟಿಯಲ್ಲಿ ಒಂದನ್ನು ಬಿಟ್ಟರೂ ಲೆಕ್ಕ ಮಾತ್ರ ನುಣ್ಣಗೆ ಬರುತ್ತದೆ, ಎಡ ಬಲ ಸರಿಯಾಗಿಯೇ ಕೂಡುತ್ತದೆ. ಉತ್ತರ ಮಾತ್ರ ತಪ್ಪು! ನನ್ನ ಮನೆಯ ಗೃಹಪ್ರವೇಶದಲ್ಲಿ ಇದು ನಡೆಯಿತು. ಪಾತ್ರೆಯ ಅಗಲ ಮೂರು ಪಟ್ಟು ಆದರೆ ಒಳಗೆ ಬಿಸಿ ಮುಟ್ಟುವ ಹೊತ್ತು ಒಂಬತ್ತು ಪಟ್ಟು ಆಗುತ್ತದೆಂದು ಲೆಕ್ಕ ಹಾಕಿ, ಗೋಧಿ ಹುಗ್ಗಿಯ ಹಂಡೆಯನ್ನು ಒಲೆಯಿಂದ ಇಳಿಸಲು ಕಾಕಾ ಯಾರನ್ನೂ ಬಿಡಲಿಲ್ಲ. ಹುಗ್ಗಿ ತಳ ಹಿಡಿದ ವಾಸನೆ ಓಣಿಗೆಲ್ಲ ಹಬ್ಬಿತು. ಕಾಕು ಸೌಟು ಎತ್ತಿ ತೋರಿಸಿ, "ಇದನ್ನ ತಿರುವೂ ಕೈ ನಿಮ್ಮ ಲೆಕ್ಕದಾಗ ಎಲ್ಲೈತ್ರಿ?" ಎಂದಳು. ಕಾಕಾ ಸೌಟು ನೋಡಿ, "ಬಿಟ್ಟೈತಿ," ಎಂದು ಒಪ್ಪಿಕೊಂಡರು. ಬಂದವರು ಸುಮ್ಮನೆ ತುಪ್ಪ ಹೆಚ್ಚು ಹಾಕಿಸಿಕೊಂಡು ಉಂಡರು.

ಹೀಗೆ ನಡೆಯುತ್ತಿದ್ದ ಸಂಸಾರದಲ್ಲಿ ಕಾಕುವಿಗೆ ಲಕ್ವಾ ಹೊಡೆಯಿತು. ಬೆಳಿಗ್ಗೆ ಹೂ ಹರಿಯಲು ಹೋದವಳು ಅಂಗಳದಲ್ಲೇ ಕುಸಿದಳು. ನೆಹರು ನಗರದ ಆಸ್ಪತ್ರೆಗೆ ಬೇಗ ಮುಟ್ಟಿಸಿದ್ದರಿಂದ ಜೀವಕ್ಕೆ ಅಪಾಯವಾಗಲಿಲ್ಲ. ಆದರೆ ಬಲಗೈ ಸೋತಿತು, ಬಾಯಿ ಒಂದು ಕಡೆ ವಾಲಿತು, ಮಾತು ನಿಂತಿತು. ಎಲ್ಲಕ್ಕಿಂತ ಕಷ್ಟದ್ದೆಂದರೆ ನುಂಗುವುದು. ನೀರು ಕೊಟ್ಟರೆ ಕೆಮ್ಮು, ಚಹಾ ಕೊಟ್ಟರೆ ಉಸಿರು ಸಿಕ್ಕುವಷ್ಟು ಕೆಮ್ಮು.

ನುಂಗುವುದನ್ನು ಕಲಿಸಲು ಒಬ್ಬ ಥೆರಪಿಸ್ಟ್ ಹುಡುಗಿ ಬರುತ್ತಿದ್ದಳು. ಬಹಳ ಜಾಣೆ. "ಅಜ್ಜಾರ, ತೆಳ್ಳಗಿದ್ದದ್ದು ಭಾಳ ಜೋರ್ ಓಡತೈತ್ರಿ. ಶ್ವಾಸದ ಬಾಗಲಾ ಮುಚ್ಚೂದ್ರೊಳಗ ಪುಪ್ಪಸಕ್ಕ ಹೋಗಿಬಿಡ್ತೈತಿ. ಅದಕ್ಕ ನೀರು, ಚಾ ಎಲ್ಲಾ ನಾವು ಕೊಡೂ ಪುಡಿ ಹಾಕಿ ಗಟ್ಟಿ ಮಾಡಿ ಚಮಚದಲೆ ಕೊಡಬೇಕು. ಜೇನುತುಪ್ಪದಂಗ ಇರಬೇಕ್ರಿ," ಎಂದಳು.

ಅಷ್ಟು ದಿನ ಗೋಡೆ ನೋಡುತ್ತ ಕೂತಿದ್ದ ಕಾಕಾ ಕಿವಿ ನಿಮಿರಿಸಿದರು. ಆಸ್ಪತ್ರೆಯಲ್ಲಿ ಮೊದಲ ಸಲ ಅವರಿಗೆ ತಿಳಿಯುವ ಭಾಷೆ ಕೇಳಿಬಂದಿತ್ತು!

"ಯಾವ ಜೇನುತುಪ್ಪ?"

"ಯಾವುದಾದ್ರೂ ನಡೀತೈತ್ರಿ."

"ಹಂಗಂದ್ರ ಹೆಂಗವಾ? ಚಳಿಗಾಲದ ಜೇನು ಬ್ಯಾರೆ, ಬ್ಯಾಸಿಗಿ ಜೇನು ಬ್ಯಾರೆ. ಎಷ್ಟು ಡಿಗ್ರಿಯೊಳಗ?"

ಆಕೆ ನಕ್ಕು, ಸೂಜಿಯಿಲ್ಲದ ಸಿರಿಂಜೊಂದನ್ನು ತಂದು, ಅದರಲ್ಲಿ ಗಟ್ಟಿ ಮಾಡಿದ ನೀರು ತುಂಬಿ, ಕೆಳಗಿನಿಂದ ಬೆರಳು ತೆಗೆದು, ಇಷ್ಟು ಹೊತ್ತಿಗೆ ಇಷ್ಟು ಉಳಿದರೆ ಸರಿ ಎಂದು ತೋರಿಸಿದಳು. ಕಾಕಾನ ಮುಖ ಅರಳಿದ ಪರಿ ನೋಡಬೇಕಿತ್ತು. ಆದರೂ ಜೇನಿನ ಮಾತು ತಲೆಯಿಂದ ಹೋಗಲಿಲ್ಲ. ಕಾಕುವನ್ನು ಮನೆಗೆ ಕರೆತಂದ ಮರುದಿನವೇ ಖಾನಾಪುರದ ಪೇಟೆಗೆ ಹೋಗಿ ಮೂರು ನಮೂನೆಯ ಜೇನು ತಂದರು, ತಿನ್ನಲು ಅಲ್ಲ, ಹೋಲಿಸಿ ನೋಡಲು. ಜೇನಿನ ಜೊತೆಗೆ ಸುದ್ದಿ ತಿಳಿದ ಕಾಕುವಿನ ತಂಗಿಯರಿಬ್ಬರು, ತಮ್ಮನ ಹೆಂಡತಿಯಾದ ಒಬ್ಬ ನಾದಿನಿ, ಅವರ ಚೀಲಗಳು, ಎಲ್ಲ ಬಂದವು.

ಅಡಿಗೆಮನೆ ಪ್ರಯೋಗಶಾಲೆಯಾಯಿತು. ಕಟ್ಟೆಯ ಮೇಲೆಲ್ಲ ಸೀಮೆಸುಣ್ಣದ ಎಂ, ಎಲ್, ಟಿ. ಸೈಕಲ್ಲಿನ ಛರ್ರೆಯನ್ನು, ಅಂದರೆ ಚಕ್ರದೊಳಗಿನ ಸಣ್ಣ ಉಕ್ಕಿನ ಗುಂಡನ್ನು, ಗಟ್ಟಿ ಚಹಾದೊಳಗೆ ಬಿಟ್ಟು ತಳ ಮುಟ್ಟುವ ಹೊತ್ತು ನೋಡುವುದು, ಅದೇ ಛರ್ರೆಯನ್ನು ತೊಳೆದು ಜೇನಿನೊಳಗೆ ಬಿಡುವುದು. ಆರಿದಂತೆ ಚಹಾ ಇನ್ನೂ ಗಟ್ಟಿಯಾಗುತ್ತದೆಂದು ತಿಳಿದಾಗ ಉಷ್ಣತಾಮಾನವೂ ಪಟ್ಟಿಗೆ ಸೇರಿತು. ಥೆರಪಿಸ್ಟ್ ಹುಡುಗಿ ಬಂದು ಸಿರಿಂಜಿನಲ್ಲಿ ನೋಡಿ, "ಬರೋಬ್ಬರಿ ಐತ್ರಿ ಅಜ್ಜಾರ, ನಮ್ಮ ಕಡೀನೂ ಇಷ್ಟು ಚಲೋ ಆಗಂಗಿಲ್ಲ," ಎಂದು ಶಹಬ್ಬಾಸ್ ಹೇಳಿದಳು.

ಲೆಕ್ಕ ಬರೋಬ್ಬರಿ. ಕಾಕು ಬಾಯಿ ತೆರೆಯಲಿಲ್ಲ.

ಆ ಚಹಾ ನೋಡಿದರೆ ನನಗೂ ಬಾಯಿ ತೆರೆಯುವ ಮನಸ್ಸಾಗುತ್ತಿರಲಿಲ್ಲ, ಅದು ಬೇರೆ ಮಾತು. ಪೋಸ್ಟ್ ಆಫೀಸಿನ ಗೋಂದಿನ ಹಾಗೆ ಕೂತಿರುತ್ತಿತ್ತು. ಎಲ್ಲರಿಗೂ ಚಹಾ ಕೊಟ್ಟು ಕಡೆಗೆ ತಾನು ಕಪ್ಪಿನಿಂದ ಬಶಿಗೆ ಸುರುವಿಕೊಂಡು, ಊದಿ, ಆಚೆ ಮನೆಗೆ ಕೇಳುವಂತೆ ಸೊರ್ರೆಂದು ಹೀರುತ್ತಿದ್ದ ಹೆಂಗಸು ಅವಳು. ಈಗ ಕೊರಳಿಗೆ ಟಾವೆಲ್ ಕಟ್ಟಿ, ಬೆನ್ನಿಗೆ ದಿಂಬು ಕೊಟ್ಟು, ಎದುರಿಗೆ ಎಲ್ಲರೂ ಕೂಡಿ ಚಮಚ ಹಿಡಿಯುತ್ತಿದ್ದೆವು. "ಆ... ಅನ್ನ ಅಕ್ಕಾ, ಆ..." ಎಂದು ತಂಗಿಯರು ತಾವೇ ಬಾಯಿ ತೆರೆಯುವರು. ನಾದಿನಿ ತೆರೆಯುವಳು. ನಾನೂ ತೆರೆಯುವೆ. ನೋಡಲು ಬಂದ ನೆರೆಯವರೂ ತೆರೆಯುವರು! ಕೋಣೆಯಲ್ಲಿ ಎಲ್ಲರ ಬಾಯಿ ತೆರೆದಿರುತ್ತಿತ್ತು, ಕಾಕುವಿನದೊಂದು ಬಿಟ್ಟು. ಅವಳು ತುಟಿ ಬಿಗಿದು ಗೋಡೆ ಕಡೆ ಮುಖ ಮಾಡುತ್ತಿದ್ದಳು.

ಸಕ್ಕರೆ ಹೆಚ್ಚಿಸಿದರು. ಯಾಲಕ್ಕಿ ಹಾಕಿದರು. ಚಮಚ ಬದಲಿಸಿದರು. ಗಂಜಿಯನ್ನೂ ನೀರನ್ನೂ ಮುಟ್ಟದೆ ಕಾಕು ಸೊರಗುತ್ತ ಬಂದಳು. ಹೀಗೇ ಆದರೆ ಮೂಗಿನಲ್ಲಿ ನಳಿಕೆ ಹಾಕದೆ ಗತ್ಯಂತರವಿಲ್ಲ, ಸೋಮವಾರ ಕರೆತನ್ನಿ ಎಂದು ಡಾಕ್ಟರು ಹೇಳಿದರು. ಆ ಭಾನುವಾರ ಸಂಜೆ ಕಾಕಾ ಕಟ್ಟೆಯ ಮುಂದೆ ನಿಂತಿದ್ದರು. ಕೈಯಲ್ಲಿ ಸೀಮೆಸುಣ್ಣವಿತ್ತು, ಬರೆಯುತ್ತಿರಲಿಲ್ಲ.

"ಎಲ್ಲಾ ಹಿಡದೀನಿ ಹುಡುಗಿ. ಗಟ್ಟಿ, ಬಿಸಿ, ಸಿಹಿ, ಚಮಚದ ಅಗಲ, ಕುಂದರಸೂ ಕೋನ. ಏನೋ ಒಂದು ಬಿಟ್ಟೈತಿ."

"ಕಾಕಾ, ಆಕೀಗೆ ಮನಸ್ಸಿಲ್ಲ, ಅಷ್ಟ."

ಯಾವಾಗಿನ ಹಾಗೆ ಮನಸ್ಸಿಗೆ ಅಳತೆ ಏನು ಎಂದು ಗದರುತ್ತಾರೆಂದು ಕಾದೆ. ಗದರಲಿಲ್ಲ. ನನ್ನನ್ನೇ ನೋಡಿ, ಆಮೇಲೆ ಒಳಕೋಣೆಯಲ್ಲಿ ಕಾಕುವಿನ ಸುತ್ತ ಕೂತ ಮಂದಿಯನ್ನು ನೋಡಿದರು. ನಾನು ಮನೆಗೆ ಹೊರಟೆ.

ಸೋಮವಾರ ಬೆಳಿಗ್ಗೆ ಆಸ್ಪತ್ರೆಗೆ ಹೋಗಲೆಂದು ಕಾರು ತೆಗೆದುಕೊಂಡು ಹೋದರೆ, ಖಾನಾಪುರದ ಬೀಗರೆಲ್ಲ ಹೊರಗಿನ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದಾರೆ! ಮುಂಬಾಗಿಲು ಹಾಕಿದೆ. ಕಾಕುವಿನ ಸಣ್ಣ ತಂಗಿ ನನ್ನನ್ನು ನೋಡಿದ್ದೇ, "ನೋಡವಾ ನಿಮ್ಮ ಕಾಕಾನ ಪರಿ! ನಮ್ಮನ್ನೆಲ್ಲಾ ಹೊರಗ ಹಾಕ್ಯಾರ. ಇಂಥಾ ವ್ಯಾಳ್ಯಾದಾಗೂ ಒಳಗ ಏನ್ ಪ್ರಯೋಗ ನಡಿಸ್ಯಾರೋ ಏನೋ, ಒಂದೂ ತಿಳೀವಲ್ದು," ಎಂದು ಕಣ್ಣೊರೆಸಿಕೊಂಡಳು. ನಾನು ಹಿತ್ತಲಿಗೆ ಸುತ್ತು ಹಾಕಿ ಅಡಿಗೆಮನೆಯ ಬಾಗಿಲಿಗೆ ಹೋದೆ. ಅದು ಅರ್ಧ ತೆರೆದಿತ್ತು.

ಕಾಕು ಕುರ್ಚಿಯಲ್ಲಿ ಕೂತಿದ್ದಳು, ಕೊರಳಿಗೆ ಟಾವೆಲ್. ಎದುರಿಗೆ ಇನ್ನೊಂದು ಕುರ್ಚಿಯಲ್ಲಿ ಕಾಕಾ. ಅವರ ಕೊರಳಿಗೂ ಟಾವೆಲ್! ಇಬ್ಬರ ಮುಂದೂ ಒಂದೊಂದು ಬಶಿ, ಒಂದೊಂದು ಚಮಚ, ಅದೇ ಗಟ್ಟಿ ಚಹಾ. ಕಾಕಾ ಎಡಗೈಯಲ್ಲಿ ಚಮಚ ಹಿಡಿದಿದ್ದರು. ರೂಢಿಯಿಲ್ಲದ ಕೈ, ಬಾಯಿಗೆ ಮುಟ್ಟುವಷ್ಟರಲ್ಲಿ ಅರ್ಧ ಚಹಾ ಗದ್ದದ ಮೇಲೆ ಇಳಿದು ಟಾವೆಲಿಗೆ ಬಿತ್ತು. ಉಳಿದದ್ದನ್ನು ನುಂಗಿ ಮುಖ ಹಿಂಡಿದರು.

"ಖರೇ ಹೇಳ್ಲಿ? ಭಾಳ ಹೊಲಸ ಐತಿ."

ಕಾಕು ನಕ್ಕಳು. ಬಾಯಿಯ ಒಂದೇ ಕಡೆ ನಕ್ಕಿತು, ಆದರೆ ಕಣ್ಣು ಎರಡೂ ನಕ್ಕವು. ಲಕ್ವಾ ಹೊಡೆದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಅಷ್ಟೂ ದಿನ ಅವಳಿಗೆ ಚಹಾ ಬೇಡವಾಗಿರಲಿಲ್ಲ, ನಾಚಿಕೆಯಾಗುತ್ತಿತ್ತು. ತನ್ನ ತಂಗಿಯರೆದುರು, ಓಣಿಯವರೆದುರು, ಕೂಸಿನ ಹಾಗೆ ತಾನೊಬ್ಬಳೇ ಬಾಯಿ ತೆರೆಯುವ ನಾಚಿಕೆ. ನಮಗೆ ಯಾರಿಗೂ ಅದು ಹೊಳೆದಿರಲಿಲ್ಲ.

ಅವಳು ಎಡಗೈ ಎತ್ತಿದಳು. ಚಮಚ ನಡುಗಿತು. ಕಾಕಾನ ಕೈ ಸಹಾಯಕ್ಕೆಂದು ಅರ್ಧ ಮುಂದೆ ಬಂದು, ಮತ್ತೆ ಹಿಂದೆ ಹೋಗಿ ತೊಡೆಯ ಮೇಲೆ ಕೂತಿತು. ಚಹಾ ಬಾಯಿಗೆ ಹೋಯಿತು. ನುಂಗಿದಳು. ಕೆಮ್ಮಲಿಲ್ಲ. ಇನ್ನೊಂದು ಚಮಚ ತೆಗೆದುಕೊಂಡಳು. ನನಗೆ ಬಾಗಿಲಿನಲ್ಲೇ ಕಣ್ಣು ತುಂಬಿ ಬಂತು. ಏನು ಮಾಡಬೇಕೆಂದು ತಿಳಿಯದೆ ಪೆದ್ದಿಯ ಹಾಗೆ, "ಗಾಡಿ ತಂದೀನ್ರಿ ಕಾಕಾ, ವ್ಯಾಳೇ ಆತು," ಎಂದೆ.

ಕಾಕಾ ತಿರುಗಿ ನೋಡಲಿಲ್ಲ. "ನಿಂದ್ರ ಹುಡುಗಿ. ನನ್ನ ಬಶ್ಯಾಗ ಇನ್ನಾ ಐತಿ. ನಾ ಎದ್ರ ಆಕೀನೂ ಬಿಡ್ತಾಳ."

ಕಾಕು ಮಾತ್ರ ನನ್ನ ಕಡೆ ನೋಡಿದಳು. ತುಟಿ ಬಹಳ ಹೊತ್ತು ಒದ್ದಾಡಿತು. ಆಮೇಲೆ ಒಂದೊಂದೇ ಮಾತು, ತೊದಲುತ್ತ, ಹೊರಗೆ ಬಂತು.

"ಆಕೀಗೂ... ಚಾ... ಕೊಡ್ರಿ."

ಕಾಕಾ ಎದ್ದರು, ಮೂರನೆಯ ಬಶಿ ತೆಗೆದರು, ಪಾತ್ರೆಯಲ್ಲಿ ಉಳಿದದ್ದನ್ನೆಲ್ಲ ಕೆರೆದು ಹಾಕಿ ಒಂದು ಚಮಚದ ಜೊತೆ ನನ್ನ ಕೈಗೆ ಕೊಟ್ಟರು. ಕನ್ನಡಕ ಮಂಜಾಗಿತ್ತು, ಒರೆಸಿಕೊಳ್ಳದೆ ಹಾಗೇ ಹೋಗಿ ಕುರ್ಚಿಯಲ್ಲಿ ಕೂತರು. ನಾನು ಹೊಸ್ತಿಲ ಮೇಲೆ ಕೂತು ಚಮಚ ಬಾಯಿಗಿಟ್ಟೆ. ಅಷ್ಟು ಕೆಟ್ಟ ಚಹಾವನ್ನು ನಾನು ಜನ್ಮದಲ್ಲಿ ಕುಡಿದಿರಲಿಲ್ಲ. ಬಶಿ ಖಾಲಿಯಾಗುವವರೆಗೆ ಏಳಲಿಲ್ಲ.